ಸಹನಳ ಓದು, ವರಲಕ್ಷ್ಮಮ್ಮನ ಓಡಾಟ

ಬೇವಿನಹಳ್ಳಿಯ ವರಲಕ್ಷ್ಮಮ್ಮನ ಹಾಲಿಗೆ ಕೆ.ಜಿ.ಎಫ್. ಗಣಿಯೂರಿನ ಉರಿಗಾಂ, ರಾಬರ್ಟ್‌ಸನ್‌ಪೇಟೆಗಳಲ್ಲಿ ಎಷ್ಟು ಹೆಸರಿತ್ತೋ ಅವಳ ಬಾಯಿಗೂ ಅಷ್ಟೇ ಹೆಸರಿತ್ತು. ಕನ್ನಡದವರ ಮನೆಯಲ್ಲಿ ಕನ್ನಡ, ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು. ಮೂರರಲ್ಲಿ ಯಾವುದರಲ್ಲೂ ಅವಳು ಸೋತು ಬಂದದ್ದನ್ನು ಕಂಡವರಿಲ್ಲ. "ಹಾಲು ಯಾಕೋ ನೀರಾಗಿದೆಯಲ್ಲ" ಎಂದು ಯಾರಾದರೂ ಮೂಗು ಮುರಿದರೆ, "ರಾತ್ರಿ ಮಳೆ ಬಂತಲ್ಲಮ್ಮ, ಅಸು ನೆಂದ್ಬುಡ್ತು" ಎಂದು ನಗದೆ ಹೇಳಿ, ಅವರು ನಕ್ಕು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಗೇಟು ತಟ್ಟುತ್ತಿದ್ದಳು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಅದರ ಕೊರತೆ ಕಾಡಿಯೂ ಇರಲಿಲ್ಲ. ಯಾರ ಮನೆಗೆ ಎಷ್ಟು ಹಾಲು ಎಂಬುದು ತಲೆಯಲ್ಲಿತ್ತು. ಬಸ್ಸುಗಳನ್ನು ಕಂಡಕ್ಟರುಗಳ ಮುಖ ನೋಡಿ ಹತ್ತುತ್ತಿದ್ದಳು.

ಗಂಡ ಶ್ರೀರಾಮಪ್ಪ ಏಳನೇ ಕ್ಲಾಸು ಓದಿದ್ದವನು. ಆದರೆ ಅವನ ಮಾತಿಗೆ ಆ ಮನೆಯಲ್ಲಿ ಜಾಗ ಸಾಲದೆ, ಬಹುಕಾಲದಿಂದ ಹಸುಗಳ ಜೊತೆ ಆಡಿಕೊಂಡಿದ್ದ. ಮಗ ಗಿರಿ, ಸೊಸೆ ಸುಮಲತ ಇಬ್ಬರೂ ನರಸಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು. ಮುಖ್ಯರಸ್ತೆಯ ಊರ ಗೇಟಿನ ಹತ್ತಿರ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆದರೆ ಒಬ್ಬರ ಕೈಯಲ್ಲಿ ಬಾಚಣಿಗೆ, ಇನ್ನೊಬ್ಬರ ಬಾಯಲ್ಲಿ ತುತ್ತು ಇರುವಾಗಲೇ ಓಡಬೇಕು. ಹೀಗಾಗಿ ಅವರ ಮಗಳು ಸಹನ ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲಿ.

ಸಹನ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಯಾವ ಹಸು ಯಾವಾಗ ಒದೆಯುತ್ತದೆ ಎಂದು ಹಸುವಿಗಿಂತ ಮೊದಲೇ ತಿಳಿಯುವ ಹುಡುಗಿ. ಒಂದು ಸಲ ಕೇಳಿದ ಕತೆಯನ್ನು ಉಪ್ಪು ಖಾರ ಸೇರಿಸಿ ತಿರುಗಿ ಹೇಳುವವಳು. ಸಂಜೆ ಕೊಟ್ಟಿಗೆಯ ದೀಪದ ಕೆಳಗೆ ಪುಸ್ತಕ ಬಿಡಿಸಿಕೊಂಡು ಕೂತಳೆಂದರೆ, ಪಾಠ ನೀರು ಕುಡಿದ ಹಾಗೆ. ಎಲ್ಲೂ ತಡವರಿಕೆ ಇಲ್ಲ. ಹಾಲು ಕರೆಯುತ್ತ ಕೇಳುತ್ತಿದ್ದ ವರಲಕ್ಷ್ಮಮ್ಮನ ಎದೆ ಉಬ್ಬಿ, ಮಾರನೆಯ ದಿನ ಆ ಸುದ್ದಿ ಉರಿಗಾಮಿನ ತನಕ ಹಾಲಿನ ಜೊತೆಗೇ ಹೋಗುತ್ತಿತ್ತು. "ನಮ್ಮ ಮಗು ಒಂದೇ ಉಸಿರ್ಗೆ ಓದ್ತದೆ, ಮಧ್ಯೆ ಕೆಮ್ಮಾಕಿಲ್ಲ."

ಒಂದು ಸಂಜೆ ಮಾತ್ರ ಶ್ರೀರಾಮಪ್ಪ, ಹುಲ್ಲು ಹಾಕುತ್ತಿದ್ದವನು, "ಇವತ್ತು ಪುಟಾನೇ ತಿರುಗ್ಸಲಿಲ್ವಲ್ಲ ಮಗು" ಎಂದ.

"ನಿಂಗೆ ಒಟ್ಟೆಕಿಚ್ಚು" ಎಂದಳು ವರಲಕ್ಷ್ಮಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಅದು ಮತ್ತೆ ಶುರುವಾದದ್ದು ಶಶಿರೇಖ ಮಿಸ್ಸಿನಿಂದ. ಓದಿನಲ್ಲಿ ಹಿಂದೆ ಬೀಳುವ, ವಿಶೇಷ ಗಮನ ಬೇಕಾದ ಮಕ್ಕಳನ್ನು ನೋಡಲೆಂದೇ ಶಿಕ್ಷಣ ಇಲಾಖೆ ನೇಮಿಸಿದ್ದ ಟೀಚರು ಆಕೆ. ಸ್ಕೂಟಿಯಲ್ಲಿ ಊರೂರು ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ಸೀದಾ ಮನೆಗೇ ಬಂದು, ಕೊಟ್ಟ ಮಜ್ಜಿಗೆ ಕುಡಿದು, ಮೆಲ್ಲಗೆ ಹೇಳಿದಳು: "ಅಜ್ಜಿ, ಸಹನಂಗೆ ಅಕ್ಷರ ಗುರುತು ಹಿಡಿಯೋಕೆ ಆಗ್ತಾ ಇಲ್ಲ. ಅವಳು ಓದ್ತಾ ಇಲ್ಲ."

ಮಜ್ಜಿಗೆ ಕೊಟ್ಟದ್ದಕ್ಕೆ ವರಲಕ್ಷ್ಮಮ್ಮನಿಗೆ ಪಶ್ಚಾತ್ತಾಪವಾಯಿತು. "ಯಾವ ಸಹನನ್ನ ನೋಡಿದ್ರೋ ಮಿಸ್ಸು. ಕೆಳಗಿನ ಬೀದೀಲೊಬ್ಳು ಸಹನ ಅವ್ಳೆ" ಎಂದಳು.

ಮಿಸ್ಸು ಹೋದ ಮೇಲೆ ಆ ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು. ಪರೀಕ್ಷೆ ಮಾಡೋಣವೆಂದರೆ ತನಗೇ ಅಕ್ಷರ ಬಾರದು. ಗಂಡನನ್ನು ಕೇಳಿದರೆ ಪುಟದ ಮಾತು ಮತ್ತೆ ಎತ್ತುತ್ತಾನೆ. ಕೊನೆಗೆ ಭಾನುವಾರ ದಾರಿಯೊಂದು ತಾನಾಗಿ ಸಿಕ್ಕಿತು. ಉರಿಗಾಮಿನಲ್ಲಿ ಹಾಲು ಕೊಳ್ಳುವ ಕಾಂತಮ್ಮನ ಮಗಳು ಶ್ವೇತ ಬಸುರಿ, ಗಿಣ್ಣು ತಿನ್ನುವ ಆಸೆಯಾಗಿದೆ ಎಂದು ಹೇಳಿಕಳಿಸಿದ್ದರು. ಹೊಸದಾಗಿ ಕರು ಹಾಕಿದ್ದ ಹಸುವಿನ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ, ಡಬ್ಬಿಗೆ ಬಟ್ಟೆ ಕಟ್ಟಿ, ಸಹನಳನ್ನು ಕರೆದುಕೊಂಡು ವರಲಕ್ಷ್ಮಮ್ಮ ಹೊರಟಳು. ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿ ಅವಳು ನಡು ನೆಟ್ಟಗೆ ಮಾಡಿಕೊಂಡು ಹೇಳಿದಳು: "ಇವತ್ತು ನಾನು ಯಾರ ಮಕಾನೂ ನೋಡಾಕಿಲ್ಲ. ನೀನೇ ಬೋರ್ಡು ಓದು. ಕೆ.ಜಿ.ಎಫ್. ಬಸ್ಸು ಯಾವ್ದು ತೋರ್ಸು."

ಸಹನ ಸುತ್ತ ನೋಡಿದಳು. ಒಂದು ಕ್ಷಣ ತಡೆದು, ಮೂಲೆಯ ಬಸ್ಸಿನ ಕಡೆ ಬೆರಳು ಮಾಡಿದಳು. "ಅದು."

ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ವರಲಕ್ಷ್ಮಮ್ಮ ಮಿಸ್ಸಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಭಾನುವಾರ ಬಸ್ಸಿನಲ್ಲಿ ಸೂಜಿ ಬಿದ್ದರೆ ನೆಲಕ್ಕೆ ತಲುಪುವುದಿಲ್ಲ. ಕಂಡಕ್ಟರು ಆಧಾರ್ ಕಾರ್ಡುಗಳ ಮಧ್ಯೆ ಈಜಿಕೊಂಡು ಹಿಂದಿನ ಸೀಟಿಗೆ ಬಂದು "ಎಲ್ಲಿಗಮ್ಮ" ಎಂದಾಗ ಕಿಟಕಿಯಾಚೆ ಎಂದಿನ ರೈಲ್ವೆ ಗೇಟೂ ಇಲ್ಲ, ಗಣಿಯ ಮಣ್ಣಿನ ದಿಬ್ಬಗಳೂ ಇಲ್ಲ.

"ಉರಿಗಾಮ್ಗೆ" ಎಂದಳು.

"ಬೂದಿಕೋಟೆ ಬಂತು, ಇಳೀರಿ" ಎಂದ ಅವನು.

ಬೂದಿಕೋಟೆಯಿಂದ ವಾಪಸು ಬಸ್ಸು ಬರುವಷ್ಟರಲ್ಲಿ ಬಿಸಿಲು ಏರಿತು. ಗಿಣ್ಣು ಹುಳಿಯಾದರೆ ಬಸುರಿಗೆ ಕೊಡುವಂತಿಲ್ಲ. ಬಸ್‌ಸ್ಟಾಪಿನ ಹುಣಸೆಮರದಡಿ ಕೂತಿದ್ದವರಿಗೆಲ್ಲ ವರಲಕ್ಷ್ಮಮ್ಮ ಎಲೆಯ ಮೇಲೆ ಗಿಣ್ಣು ಹಂಚಿದಳು. "ಏನಮ್ಮ ವಿಶೇಷ" ಎಂದು ಮುದುಕನೊಬ್ಬ ಬಾಯಿ ಚಪ್ಪರಿಸುತ್ತ ಕೇಳಿದ. "ಮೊಮ್ಮಗಳು ಪಾಸಾದ್ಲು" ಎಂದಳು. ಸಹನ ತಲೆ ತಗ್ಗಿಸಿ ಡಬ್ಬಿಯ ಬಟ್ಟೆಯ ಗಂಟು ಬಿಚ್ಚುತ್ತ ಕಟ್ಟುತ್ತ ಇದ್ದಳು. ಆ ತಗ್ಗಿದ ತಲೆಯನ್ನು ನೋಡಿ ವರಲಕ್ಷ್ಮಮ್ಮನಿಗೆ ಬೈಯುವ ಮಾತು ಒಂದೂ ಬರಲಿಲ್ಲ.

ಮಾರನೆಯ ದಿನ ಅವಳೇ ಶಾಲೆಗೆ ಹೋಗಿ ಶಶಿರೇಖಳನ್ನು ಹಿಡಿದಳು. ಶಶಿರೇಖ ಬಿಡಿಸಿ ಹೇಳಿದಳು. ಕಣ್ಣು ಚೆನ್ನಾಗಿದೆ, ಬುದ್ಧಿ ಬೇಕಾದಷ್ಟಿದೆ, ಸೋಮಾರಿತನ ಇಲ್ಲ. ಅಕ್ಷರಕ್ಕೂ ಸದ್ದಿಗೂ ಇರುವ ಗಂಟು ಮಾತ್ರ ಅವಳ ತಲೆಯಲ್ಲಿ ಸಲೀಸಾಗಿ ಬೀಳುತ್ತಿಲ್ಲ. ಅದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಬೇರೆ ರೀತಿ, ನಿಧಾನವಾಗಿ ಕಲಿಸಿದರೆ ಬರುತ್ತದೆ.

"ಡಿಸ್ಲೆಕ್ಸಾನಾ. ಎಂಗೆ ಬಂತು? ನಾನು ತಲೆಗೆ ತಣ್ಣೀರು ಉಯ್ದಿದ್ದಕ್ಕಾ?"

"ಅಲ್ಲ ಅಜ್ಜಿ. ಹುಟ್ಟಿನಿಂದ ಇರುತ್ತೆ."

"ಕಲಿಸಾಕೆ ಬೆಂಗ್ಳೂರ್ಗೆ ಓಗ್ಬೇಕಾ? ಅಸು ಮಾರ್ಬೇಕಾ?"

ಶಶಿರೇಖ ನಕ್ಕಳು. ಇಂಥ ಮಕ್ಕಳಿಗೆಂದೇ ಸರ್ಕಾರ ಶಿಕ್ಷಣದ ದುಡ್ಡಿನಲ್ಲಿ ಒಂದು ಪಾಲು ಇಟ್ಟಿದೆ. ಡಾಕ್ಟರ ತಪಾಸಣೆ, ಬಂಗಾರಪೇಟೆಯ ಕೇಂದ್ರದಲ್ಲಿ ವಾರವಾರ ವಿಶೇಷ ಪಾಠ, ಕಲಿಕೆಯ ಸಾಮಾನು, ಕರೆದುಕೊಂಡು ಬರುವವರಿಗೂ ಒಂದಿಷ್ಟು. ಆದರೆ ಮೊದಲು ಶಿಬಿರದಲ್ಲಿ ಡಾಕ್ಟರು ನೋಡಿ ಸರ್ಟಿಫಿಕೇಟು ಕೊಡಬೇಕು.

ಮನೆಯಲ್ಲಿ ಈ ಮಾತು ಬಂದಾಗ ಶ್ರೀರಾಮಪ್ಪ ಅಪರೂಪಕ್ಕೆ ಬಾಯಿ ಬಿಟ್ಟ. "ಸರ್ಟಿಪಿಕೇಟು ಅಂದ್ರೆ ಊರಿಗೆಲ್ಲ ಗೊತ್ತಾಯ್ತದೆ. ನಾಳೆ ಎಣ್ಣು ನೋಡಾಕೆ ಬರೋರು ಏನಂತಾರೆ?"

"ನಿನ್ ಕಣ್ಣಿಗೆ ಪೊರೆ ಬಂದಾಗ ಕ್ಯಾಂಪ್ಗೋಗಿ ಪುಗಸಟ್ಟೆ ಕನ್ನಡ್ಕ ಆಕ್ಕೊಂಡು ಬಂದ್ಯಲ್ಲ, ಆಗ ಯಾರೇನಂದ್ರು? ನಾನೇನಾದ್ರೂ ಬಿಟ್ಟೋದ್ನಾ?"

ಗಿರಿ ಅಮ್ಮನ ಕಡೆಗಾದ. ಸುಮಲತ ಮಾತ್ರ ಮಗಳ ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದು, "ಅತ್ತೆ, ನೀವೇ ಕರ್ಕೊಂಡೋಗಿ. ನಂಗೆ ರಜ ಕೊಡಲ್ಲ" ಎಂದಳು. ಹೇಳುವಾಗ ಮುಖ ಮಗಳ ಬೆನ್ನ ಹಿಂದೆ ಇತ್ತು.

ಶಿಬಿರ ಎಂದರೇನೆಂದು ವರಲಕ್ಷ್ಮಮ್ಮ ತನ್ನ ಅನುಭವದಿಂದ ಅಳೆದಳು. ಬ್ಯಾಂಕಿನವರು ಸಾಲಕ್ಕೆ ಹಸು ನೋಡಲು ಬಂದರೆ ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಬೇಕು; ವಿಮೆಯವರು ಬಂದರೆ ಅದೇ ಹಸು ಸ್ವಲ್ಪ ಸೊರಗಿರಬೇಕು. ಇದು ವಿಮೆಯ ಲೆಕ್ಕ. ಅದಕ್ಕೇ ಹಿಂದಿನ ಸಂಜೆ ಮೊಮ್ಮಗಳಿಗೆ ತರಬೇತಿ ಕೊಟ್ಟಳು. "ಡಾಕ್ಟ್ರು ಓದು ಅಂದ್ರೆ ಬಾಯಿ ಬಿಡಬ್ಯಾಡ. ಮಿಕಮಿಕ ನೋಡು. ಓದಾಕೆ ಬರಾಕಿಲ್ಲ ಅನ್ನು."

"ನಾನ್ಯಾಕೆ ಅಂಗನ್ಲಿ?" ಎಂದಳು ಸಹನ. ಅವಳ ಕಣ್ಣಲ್ಲಿ ನೀರು ಬಂತು. ಅಜ್ಜಿ ಅದನ್ನು ತರಬೇತಿಯ ಫಲ ಎಂದುಕೊಂಡಳು.

ಶಿಬಿರದ ದಿನ ಶಾಮಿಯಾನದ ಕೆಳಗೆ ಬೆಂಚುಗಳ ತುಂಬ ಮಕ್ಕಳು, ಅವರ ಅಮ್ಮಂದಿರು, ಪುರಿಯ ಪೊಟ್ಟಣಗಳು. ಒಳಗೆ ಕಲಾ ಎಂಬ ಡಾಕ್ಟರು, ನಗುಮುಖದ ಹೆಂಗಸು. ಮೊದಲು ಬಣ್ಣದ ಮರದ ತುಂಡುಗಳನ್ನು ಜೋಡಿಸಲು ಕೊಟ್ಟರು. ಸಹನ ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿದಳು. ಚಿತ್ರ ತೋರಿಸಿ ಕತೆ ಹೇಳು ಎಂದರು. ಡಾಕ್ಟರೇ ಗಲ್ಲಕ್ಕೆ ಕೈಯಿಟ್ಟು ಕೇಳುವಂಥ ಕತೆ ಹೇಳಿದಳು. ವರಲಕ್ಷ್ಮಮ್ಮನ ಮುಖದಲ್ಲಿ ಹೆಮ್ಮೆ ಒಂದು ಕಡೆಯಿಂದ ಏರುತ್ತಿತ್ತು, ಭಯ ಇನ್ನೊಂದು ಕಡೆಯಿಂದ. ಹಿಂದಿನಿಂದ ಮೆಲ್ಲಗೆ ಸಹನಳ ಲಂಗ ಎಳೆದಳು. ಸಹನ ಲಂಗ ಬಿಡಿಸಿಕೊಂಡಳು.

"ಈಗ ಇದನ್ನ ಓದು ಪುಟ್ಟ" ಎಂದು ಡಾಕ್ಟರು ಪುಸ್ತಕ ಬಿಡಿಸಿಟ್ಟರು. ಅದು ಅವಳ ಕ್ಲಾಸಿನ ಪುಸ್ತಕವೇ. ಬಿಡಿಸಿದ ಪುಟದಲ್ಲಿ ಏಡಿಯ ಚಿತ್ರವಿತ್ತು. ಸಹನ ಗಂಟಲು ಸರಿಮಾಡಿಕೊಂಡಳು. "ಒಂದೂರಿನಲ್ಲಿ ಒಂದು ಕೆರೆ ಇತ್ತು. ಕೆರೆಯಲ್ಲಿ ಒಂದು ಜಾಣ ಏಡಿ ಇತ್ತು" ಎಂದು ಶುರುಮಾಡಿದವಳು ಏಡಿ ಮಾತಾಡುವಲ್ಲಿ ಏಡಿಯ ದನಿ, ಕೊಕ್ಕರೆ ಮಾತಾಡುವಲ್ಲಿ ಕೊಕ್ಕರೆಯ ದನಿ ತೆಗೆದು ಸಾಗಿದಳು.

"ಚೆನ್ನಾಗೇ ಓದ್ತಾಳಲ್ಲಮ್ಮ" ಎಂದರು ಡಾಕ್ಟರು.

ಇಷ್ಟು ದಿನ ಊರೆಲ್ಲ ಡಂಗುರ ಹೊಡೆದ ಮಾತು ಡಾಕ್ಟರ ಬಾಯಲ್ಲಿ ಬಂದಾಗ ವರಲಕ್ಷ್ಮಮ್ಮ ಮುಂದೆ ನುಗ್ಗಿದಳು. "ಇಲ್ಲ ತಾಯಿ, ಅವ್ಳು ಓದ್ತಿಲ್ಲ, ಯೋಳ್ತಾವ್ಳೆ" ಎಂದಳು. "ನಮ್ಮ ಮಗೂಗೆ ಓದಾಕೆ ಬರಾಕಿಲ್ಲ, ನನ್ ಮಾತು ನಂಬಿ. ಬೂದಿಕೋಟೇಲಿ ಯಾರ್ನಾದ್ರೂ ಕೇಳಿ."

ಬೂದಿಕೋಟೆಯವರು ಇಲ್ಲಿಗೆ ಹೇಗೆ ಬಂದರೆಂದು ಡಾಕ್ಟರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಮಾತಾಡುತ್ತ, ಪುಟದ ಮಧ್ಯೆ ಪೆನ್ನಿಟ್ಟು ಪುಸ್ತಕ ಮುಚ್ಚಿದರು. ಸಹನ ಕಣ್ಣು ಎತ್ತಿರಲಿಲ್ಲ. ಮುಚ್ಚಿದ ಪುಸ್ತಕದ ರಟ್ಟಿನ ಮೇಲೆ ಬೆರಳಾಡಿಸುತ್ತ, ಏಡಿ ಕೊಕ್ಕರೆಯ ಕುತ್ತಿಗೆ ಹಿಡಿಯುವ ತನಕ ಓದಿಯೇ ನಿಲ್ಲಿಸಿದಳು. ಡಾಕ್ಟರು ಫೋನು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದರು.

ಆಮೇಲೆ ಒಂದು ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ವ, ಪ, ಷ ಬರೆದು ಅವಳ ಮುಂದೆ ಇಟ್ಟರು. ಸಹನ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ನೋಡಿ, "ಇವೆಲ್ಲಾ ಒಂದೇ ಮನೆಯೋರು" ಎಂದಳು. "ಯಾರು ಯಾರು ಅಂತ ಗೊತ್ತಾಗಾಕಿಲ್ಲ. ನೋಡ್ತಿದ್ದಂಗೆ ಒಬ್ರಂಗೆ ಇನ್ನೊಬ್ರು ಆಯ್ತಾರೆ."

"ಮತ್ತೆ ಪಾಠ ಹೇಗೆ ಕಲಿತೆ?"

"ಕ್ಲಾಸಲ್ಲಿ ಮಿಸ್ಸು ಓದೋವಾಗ ಕೇಳಿಸ್ಕೋತೀನಿ. ಅಜ್ಜೀಗೆ ಓದಿ ಯೋಳ್ಬೇಕಲ್ಲ, ಅದಕ್ಕೆ." ಆಮೇಲೆ ಡಾಕ್ಟರನ್ನೇ ಕೇಳಿದಳು, "ಎಲ್ರುಗೂ ಅಂಗೇ ಅಲ್ವಾ ಕಾಣೋದು?"

ನಾಟಕ ಆಡಲೆಂದು ತಾನು ಹೇಳಿಕೊಟ್ಟಿದ್ದ ಮಾತು, ಮಗು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದ ನಿಜ ಎಂದು ವರಲಕ್ಷ್ಮಮ್ಮನಿಗೆ ಆಗ ಹೊಳೆಯಿತು. ಹೊರಗೆ ಬಂದು ಸಹನಳಿಗೆ ಪುರಿ ಕೊಡಿಸಿದಳು. ಬಸ್ಸಿನಲ್ಲಿ ಊರ ಗೇಟು ಬರುವವರೆಗೂ ಮಾತಾಡದ್ದನ್ನು ನೋಡಿ ಪರಿಚಯದ ಕಂಡಕ್ಟರು, "ಯಾಕಮ್ಮ, ಉಷಾರಿಲ್ವಾ" ಎಂದ.

ಸರ್ಟಿಫಿಕೇಟು ಬಂತು. ದುಡ್ಡು ಹಾಕಲು ಸಹನಳ ಹೆಸರಿನ ಜೊತೆ ಅಜ್ಜಿಯದೂ ಸೇರಿಸಿ ಖಾತೆ ಬೇಕು ಎಂದರು. ಬ್ಯಾಂಕಿನ ಬೆರಳಚ್ಚಿನ ಮಿಷನ್ನು ವರಲಕ್ಷ್ಮಮ್ಮನ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಜೀವಮಾನವಿಡೀ ಹಾಲು ಕರೆದು ಗೆರೆಗಳೆಲ್ಲ ಸವೆದಿದ್ದವು. ಸೆರಗಿಗೆ ಒರೆಸಿ ಒತ್ತಿದಳು, ತೊಳೆದು ಒತ್ತಿದಳು, ಎಣ್ಣೆ ಸವರಿ ಒತ್ತಿದಳು. "ಬೇರೆ ಬೆರಳು ಕೊಡಿ" ಎಂದ ಹುಡುಗನಿಗೆ, "ಎಲ್ಲಾ ಅದೇ ಕೆಲ್ಸಕ್ಕೆ ಓಗಿರೋವೇ ಕಣಪ್ಪ" ಎಂದಳು. ಕೊನೆಗೆ ಕಣ್ಣು ತೋರಿಸಿ ಕೆಲಸವಾಯಿತು. "ನಂಗೆ ಅಕ್ಷರ ಗುರ್ತಿಲ್ಲ, ಮಿಷನ್ಗೆ ನನ್ ಗುರ್ತಿಲ್ಲ. ಇದಕ್ಕೂ ಡಿಸ್ಲೆಕ್ಸಾ ಇರ್ಬೇಕು" ಎಂದು ಅವಳು ಅಂದದ್ದಕ್ಕೆ ಸರದಿಯಲ್ಲಿ ಇದ್ದವರೆಲ್ಲ ನಕ್ಕರು.

ಪಾಠ ಶುರುವಾದ ಮೇಲೆ ಕೇಂದ್ರದಲ್ಲಿ ಲೆಕ್ಕಪತ್ರ ನೋಡುವ ಬಚ್ಚಪ್ಪನವರು ಅವಳನ್ನು ಕರೆದರು. ಒಳ್ಳೆಯ ಮನುಷ್ಯ, ಆದರೆ ಆಡಿಟ್ಟಿನವರನ್ನು ಕನಸಲ್ಲಿ ಕಂಡು ಬೆಚ್ಚುವ ಜಾತಿ. "ಅಮ್ಮ, ಮಗೂನ ಕರ್ಕೊಂಡು ಬರೋ ಖರ್ಚು ಅಂತ ಬರೆದಿದ್ದಾರೆ. ನೀವು ಹೆಂಗಸರು, ಮಗೂನೂ ಹೆಣ್ಣು. ಬಸ್ಸು ಫ್ರೀ. ಹಾಗಾದ್ರೆ ಖರ್ಚು ಏನು?"

ವರಲಕ್ಷ್ಮಮ್ಮ ಕುರ್ಚಿ ಎಳೆದುಕೊಂಡು ಕೂತಳು. ಇದು ಅವಳಿಗೆ ಗೊತ್ತಿದ್ದ ಆಟ.

"ಬಸ್ಸು ಪ್ರೀ ಸಾ. ನಾನು ಪ್ರೀನಾ?"

ಬಚ್ಚಪ್ಪನವರು ಕನ್ನಡಕ ತೆಗೆದರು.

"ನಾನು ಇಲ್ಲಿ ಕೂತಿರೋ ಒತ್ನಲ್ಲಿ ಮಧ್ಯಾಹ್ನದ ಆಲು ಕರ್ಯೋರ್ಯಾರು? ನಮ್ಮ ಯಜಮಾನ್ರು ಕೈಯಾಕಿದ್ರೆ ಅಸು ಒದೀತದೆ, ಅವರೂ ಅದ್ನ ಬಿಟ್ಬುಡ್ತಾರೆ. ಆಲು ಅದರ ಕೆಚ್ಚಲಲ್ಲೇ ಇರ್ತದೆ. ಬೇಕಾದ್ರೆ ಆಡಿಟ್ನೋರ್ನ ಕಳ್ಸಿ, ಒದೆ ತಿಂದು ಬರ್ಕೊಂಡೋಗ್ಲಿ."

ಬಚ್ಚಪ್ಪನವರು ನಿಯಮದ ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿದರು. ಬಸ್ ಚಾರ್ಜು ಒಂದು ಕಡೆ, ಜೊತೆಗೆ ಬರುವವರ ಭತ್ಯೆ ಇನ್ನೊಂದು ಕಡೆ ಇತ್ತು. ಎರಡನೆಯದಕ್ಕೂ ಬಸ್ಸಿಗೂ ಸಂಬಂಧವಿರಲಿಲ್ಲ. ಅವರ ಮುಖದಲ್ಲಿ ಆಡಿಟ್ಟಿನವರು ಕರಗಿ ಹೋದದ್ದು ಕಾಣಿಸಿತು. "ಸರಿ ಅಮ್ಮ, ಇದರಲ್ಲಿ ಹಾಕ್ತೀನಿ. ಹಸುವಿನ ವಿಷಯ ಬರೆಯೋದು ಬೇಡ."

ಪಾಠ ನೋಡಿದ ಮೊದಲ ದಿನ ಮಾತ್ರ ವರಲಕ್ಷ್ಮಮ್ಮನಿಗೆ ನಿರಾಸೆಯಾಯಿತು. ಸರ್ಕಾರದ ದುಡ್ಡಿನಲ್ಲಿ ಏನೋ ಮಹಾ ಯಂತ್ರವೇ ಬರುತ್ತದೆಂದು ಅವಳು ಎಣಿಸಿದ್ದಳು. ಶಶಿರೇಖ ತಟ್ಟೆಯಲ್ಲಿ ಮರಳು ಹರಡಿ, ಸಹನಳ ಬೆರಳು ಹಿಡಿದು ಅಕ್ಷರ ತೀಡಿಸುತ್ತಿದ್ದಳು. ತೀಡುವಾಗ ಅದರ ಸದ್ದನ್ನು ಬಾಯಲ್ಲಿ ಎಳೆದು ಹೇಳಿಸುತ್ತಿದ್ದಳು. ಆಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರ, ಆಮೇಲೆ ಜೇಡಿಮಣ್ಣಿನ ಅಕ್ಷರ. "ಕಣ್ಣಿಗೆ ಮೋಸ ಆದ್ರೂ ಕೈಗೆ ನೆನಪಿರುತ್ತೆ ಅಜ್ಜಿ. ಮನೇಲೂ ಮಾಡಿಸಿ" ಎಂದಳು.

ಮನೆಯಲ್ಲಿ ಮರಳಿರಲಿಲ್ಲ. ಸಗಣಿಗೆ ಕೊರತೆ ಇರಲಿಲ್ಲ. ಬೆಳಿಗ್ಗೆ ಬೆರಣಿ ತಟ್ಟುವಾಗ ವರಲಕ್ಷ್ಮಮ್ಮ ಸಗಣಿಯನ್ನು ಹುರಿ ಮಾಡಿ ಕೊಟ್ಟರೆ, ಸಹನ ಅದನ್ನು ಬಳಸಿ ಬಾಗಿಸಿ ಅಕ್ಷರ ಮಾಡಿ ಗೋಡೆಗೆ ಹಚ್ಚುವಳು. ಕೆಲವೇ ವಾರಗಳಲ್ಲಿ ರಸ್ತೆಯ ಕಡೆಯ ಗೋಡೆಯ ತುಂಬ ಸಗಣಿಯ ವರ್ಣಮಾಲೆ ಒಣಗುತ್ತಿತ್ತು. ಶ್ರೀರಾಮಪ್ಪ ಒಲೆಗೆ ಬೆರಣಿ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ನೋಡಬೇಕಾಯಿತು. ಒಂದು ದಿನ ಅವನು ತಿಳಿಯದೆ 'ಷ' ಅಕ್ಷರವನ್ನು ಒಲೆಗೆ ಹಾಕಿದ್ದಕ್ಕೆ ಸಹನ ಮುನಿಸಿಕೊಂಡು ಊಟ ಬಿಟ್ಟಳು. ಅವನೇ ಕೂತು, ಕೈ ಮೊಣಕೈವರೆಗೆ ಸಗಣಿ ಮಾಡಿಕೊಂಡು, ಹೊಸ 'ಷ' ಮಾಡಿಕೊಟ್ಟ. ಅದು 'ಪ' ಆಗಿತ್ತು. "ತಾತ, ಒಟ್ಟೇಲಿ ಗೆರೆ ಮರ್ತೆ" ಎಂದಳು ಸಹನ. ಶ್ರೀರಾಮಪ್ಪ ಗೆರೆ ಎಳೆದು, ಹೆಂಡತಿಯ ಕಡೆ ನೋಡಿದ. ವರಲಕ್ಷ್ಮಮ್ಮ ಆಗಲೇ ಒಳಗೆ ಹೋಗಿ, ಮಗು ಅಕ್ಷರ ಗುರುತಿಸಿದ್ದನ್ನು ಹೇಳಲು ಸುಮಲತಳನ್ನು ಕೂಗುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಸಹನ ಓದತೊಡಗಿದಳು. ಬೆರಳಿಟ್ಟು, ನಿಂತು, ಒಂದೊಂದು ಅಕ್ಷರದ ಸದ್ದನ್ನು ಹುಡುಕಿ ಜೋಡಿಸಿ. ಹಾಲು ಕರೆದು ಮುಗಿದು, ಹಂಡೆ ತೊಳೆದು, ಹಸುಗಳು ಮಲಗಿದರೂ ನಾಲ್ಕು ಸಾಲು ಮುಗಿಯುತ್ತಿರಲಿಲ್ಲ. "ಮೊದ್ಲೇ ಸಂದಾಕಿತ್ತು ಕಣೆ, ಬಿರ್ನೆ ಮುಗೀತಿತ್ತು" ಎಂದು ವರಲಕ್ಷ್ಮಮ್ಮ ಆಕಳಿಸುವಳು. ಆದರೆ ಯಾರಾದರೂ ಮಧ್ಯೆ ಮಾತಾಡಿದರೆ ಚೆಂಬು ಎತ್ತುವಳು.

ಆ ಬೇಸಿಗೆಯಲ್ಲಿ ಕೇಂದ್ರದವರು ತಂದೆ ತಾಯಿಯರ ಸಭೆ ಕರೆದರು. ಬಂದವರು ಹಿಂದಿನ ಬೆಂಚುಗಳಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡದೆ ಇದ್ದರು. ಆಂಡರ್ಸನ್‌ಪೇಟೆಯಿಂದ ಬಂದಿದ್ದ ಒಬ್ಬ ತಾಯಿ ಮಗನಿಗೆ ಏನೂ ಇಲ್ಲ, ಸುಮ್ಮನೆ ಕೇಳಿಹೋಗಲು ಬಂದೆ ಎಂದು ಮೂರು ಮಂದಿಗೆ ಹೇಳಿದ್ದಳು. ಶಶಿರೇಖ ಎರಡು ಮಾತಾಡಿ ಎಂದು ವರಲಕ್ಷ್ಮಮ್ಮನ ಕೈಗೆ ಮೈಕು ಕೊಟ್ಟಳು. ಅದು ಶಶಿರೇಖಳ ತಪ್ಪು ಲೆಕ್ಕ.

ವರಲಕ್ಷ್ಮಮ್ಮ ಸಹನ ಹುಟ್ಟಿದಂದಿನಿಂದ ಶುರುಮಾಡಿದಳು. ಗಿಣ್ಣು, ಬೂದಿಕೋಟೆ, ಏಡಿ, ಹೆಬ್ಬೆಟ್ಟು, ಒಂದೂ ಬಿಡಲಿಲ್ಲ. ಕನ್ನಡದಲ್ಲಿ ಹೇಳಿದ್ದನ್ನು ಆಂಡರ್ಸನ್‌ಪೇಟೆಯ ತಾಯಿಗಾಗಿ ತಮಿಳಿನಲ್ಲಿ ಇನ್ನೊಮ್ಮೆ, ಬಾಗಿಲ ಹತ್ತಿರದ ಅಜ್ಜನಿಗಾಗಿ ತೆಲುಗಿನಲ್ಲಿ ಮತ್ತೊಮ್ಮೆ. ಬಚ್ಚಪ್ಪನವರು ಗಡಿಯಾರ ನೋಡುವುದನ್ನು ಬಿಟ್ಟುಕೊಟ್ಟರು. ಹಿಂದಿನ ಬೆಂಚಿನವರು ಮೊದಲು ನಕ್ಕರು, ಆಮೇಲೆ ಮುಂದಕ್ಕೆ ಬಂದು ಕೂತರು.

"ಮುಚ್ಚಿಕ್ಕೊಂಡು ಏನ್ಮಾಡ್ತೀರಾ?" ಎಂದಳು ಕೊನೆಗೆ. "ಮಕ್ಳಿಗೆ ನಾವು ಮುಚ್ಚಿಡ್ತೀವಿ, ನಮ್ಗೆ ಮಕ್ಳು ಮುಚ್ಚಿಡ್ತವೆ. ಸರ್ಕಾರದ ದುಡ್ಡು ನಮ್ಮ ಮಕ್ಳ ದುಡ್ಡೇ. ಬಾಯಿ ಬಿಟ್ಟು ಕೇಳಿ. ನಂಗೆ ಒತ್ತಾಯ್ತು, ಅಸು ಕಾಯ್ತಾ ಇರ್ತದೆ."

ಮೈಕನ್ನು ಬಚ್ಚಪ್ಪನವರ ಕೈಗಿಟ್ಟು, ಸಹನಳ ಕೈ ಹಿಡಿದು ಹೊರಟಳು. ಗೇಟು ದಾಟುವಾಗ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ಆಂಡರ್ಸನ್‌ಪೇಟೆಯ ತಾಯಿ ಓಡಿಬಂದು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ಅಮ್ಮ, ಒಂದು ನಿಮಿಷ" ಎಂದಳು. ಅವಳ ಹಿಂದೆ ಇನ್ನಿಬ್ಬರು.

ವರಲಕ್ಷ್ಮಮ್ಮ ಬಿಸಿಲಿಗೆ ಸೆರಗು ಹೊದ್ದುಕೊಂಡಳು. "ನಡೀತಾ ಮಾತಾಡಣ ಬನ್ನಿ" ಎಂದಳು. "ಮಗು ಎಷ್ಟನೇ ಕ್ಲಾಸು?"